ಪೆನೆನ್ಸ್: ಕೊಲೆಗಾರ ಯಾರು ಅನ್ನೋದು ಆಮೇಲಿನ ಮಾತು

ಜಪಾನಿನ ಲೇಖಕಿ ಕನಾಯೆ ಮಿನಾಟೊ ಅವರ ‘ಪೆನೆನ್ಸ್’ (ಅಂದರೆ ಪ್ರಾಯಶ್ಚಿತ್ತ) ಕಾದಂಬರಿ ಓದಿ ಎರಡು ದಿನ ಆಯಿತು. ಅದರಲ್ಲಿನ ತಾಯಿ ಆಡಿದ ಮಾತು ಇನ್ನೂ ತಲೆಯಿಂದ ಹೋಗಿಲ್ಲ.

ಜಪಾನಿನ ಒಂದು ಸಣ್ಣ ಊರು. ಗಾಳಿ ಚೆನ್ನಾಗಿದೆ ಅನ್ನೋದು ಬಿಟ್ಟರೆ ಹೇಳಿಕೊಳ್ಳೋಕೆ ಏನೂ ಇಲ್ಲ. ಅಲ್ಲಿಗೊಂದು ಫ್ಯಾಕ್ಟರಿ ಬರುತ್ತದೆ, ಅದರ ಹಿಂದೆಯೇ ಟೋಕಿಯೊದಿಂದ ಎಮಿಲಿ ಅನ್ನೋ ಹುಡುಗಿ. ಒಬೊನ್ ಅನ್ನೋ, ತೀರಿಹೋದ ಹಿರಿಯರನ್ನು ನೆನೆಯುವ ಹಬ್ಬದ ದಿನ ಐದು ಹುಡುಗಿಯರು ಶಾಲೆಯಲ್ಲಿ ವಾಲಿಬಾಲ್ ಆಡುತ್ತಿರುವಾಗ ಯಾರೋ ಒಬ್ಬ ಬಂದು, ಈಜುಕೊಳದ ಹತ್ತಿರ ಬಟ್ಟೆ ಬದಲಿಸುವ ಕೋಣೆಯ ಫ್ಯಾನ್ ನೋಡಬೇಕು, ಸ್ವಲ್ಪ ಸಹಾಯ ಮಾಡು ಅಂತ ಎಮಿಲಿಯನ್ನು ಕರೆದುಕೊಂಡು ಹೋಗುತ್ತಾನೆ. ಅವಳು ಜೀವಂತ ಬರುವುದಿಲ್ಲ. ಉಳಿದ ನಾಲ್ವರಿಗೂ ಅವನ ಮುಖ ನೆನಪಾಗುವುದಿಲ್ಲ. ಮೂರು ವರ್ಷದ ಮೇಲೆ ಎಮಿಲಿಯ ತಾಯಿ ಅವರನ್ನು ಮನೆಗೆ ಕರೆಸಿ, ಕೇಸು ನಡೆಸೋಕೆ ಕಾನೂನಿನಲ್ಲಿರುವ ಗಡುವು ಮುಗಿಯೋದರೊಳಗೆ ಕೊಲೆಗಾರನನ್ನು ಹುಡುಕಿ, ಇಲ್ಲಾ ನನಗೆ ಒಪ್ಪಿಗೆಯಾಗುವ ಪ್ರಾಯಶ್ಚಿತ್ತ ಮಾಡಿ, ಎರಡೂ ಆಗದಿದ್ದರೆ ಸೇಡು ತೀರಿಸಿಕೊಳ್ಳುತ್ತೇನೆ ಅನ್ನುತ್ತಾಳೆ. ಹದಿಮೂರು ವರ್ಷದ ಮಕ್ಕಳಿಗೆ!

ಕಥೆಯಲ್ಲಿ ಆ ಗಡುವು 15 ವರ್ಷ. ಅಷ್ಟು ಕಳೆದರೆ ಕೊಲೆಗೂ ಕೇಸಿಲ್ಲ. ಪುಸ್ತಕ ಬಂದಿದ್ದು 2009ರಲ್ಲಿ, ಮರುವರ್ಷವೇ ಜಪಾನ್ ಕೊಲೆಗೆ ಇದ್ದ ಗಡುವನ್ನು ತೆಗೆದುಹಾಕಿತು.

ಹೆಣ ನೋಡಿದ ಕೂಡಲೇ ಮಕ್ಕಳು ಕೆಲಸ ಹಂಚಿಕೊಳ್ಳುತ್ತಾರೆ. ಒಬ್ಬಳು ಟೀಚರ್ ಹತ್ತಿರ, ಒಬ್ಬಳು ಪೊಲೀಸರ ಹತ್ತಿರ, ಒಬ್ಬಳು ಎಮಿಲಿ ಮನೆಗೆ, ಒಬ್ಬಳು ಅಲ್ಲೇ ಕಾವಲು. ಅವತ್ತು ಯಾರ ಪಾಲಿಗೆ ಏನು ಬಂತೋ ಅದನ್ನೇ ಅವರು ದೊಡ್ಡವರಾದ ಮೇಲೂ ಹೊರುತ್ತಾರೆ. ಹೆಣ ಕಾದವಳ ಕಥೆ ಓದುವಾಗ ಪುಸ್ತಕ ಮುಚ್ಚಿಟ್ಟು ಸುಮ್ನೆ ಕೂತಿದ್ದೆ.

ಒಂದೊಂದು ಭಾಗ ಒಬ್ಬೊಬ್ಬರ ಬಾಯಲ್ಲಿದೆ. ಒಂದು ಪತ್ರ. ಇನ್ನೊಂದು, ಅವರಲ್ಲೇ ಟೀಚರ್ ಆದ ಒಬ್ಬಳು ಪೋಷಕರ ಸಭೆಯಲ್ಲಿ ಮಾಡುವ ಭಾಷಣ. ಎಲ್ಲರಿಗೂ ಥ್ಯಾಂಕ್ಸ್ ಹೇಳಿಕೊಂಡು ಎಷ್ಟು ನಯವಾಗಿ ಶುರುವಾಗುತ್ತದೆ ಗೊತ್ತಾ, ನಮ್ಮ ಶಾಲೆಗಳಲ್ಲೂ ಮೈಕ್ ಹಿಡಿದವರು ಹೀಗೇ ಅಲ್ವಾ, ಆಮೇಲೆ ಮಾತು ಬೇರೆಲ್ಲಿಗೋ ಹೊರಳಿ ಕೇಳುತ್ತಾ ಕೂತವರ ಬೆವರಿಳಿಸುತ್ತದೆ.

ತಕರಾರೂ ಇದೆ. ಅದೇ ಮಧ್ಯಾಹ್ನವನ್ನು ಮತ್ತೆ ಮತ್ತೆ ಓದಬೇಕು. ನಾನು ಓದಿದ ಫಿಲಿಪ್ ಗೇಬ್ರಿಯಲ್ ಅವರ ಇಂಗ್ಲಿಷ್ ಅನುವಾದದಲ್ಲಿ ನಾಲ್ವರ ದನಿಯೂ ಹೆಚ್ಚುಕಮ್ಮಿ ಒಂದೇ ಥರ ಕೇಳಿಸಿತು. ಕೊನೆಯಲ್ಲಿ ಕಾಕತಾಳೀಯ ಜಾಸ್ತಿ ಆಯಿತು, ಎಲ್ಲ ದಾರಗಳೂ ಒಂದೇ ಗಂಟಿಗೆ ಬರಬೇಕಿರಲಿಲ್ಲ.

ನನ್ನ ಪುಸ್ತಕ ಈಗ ಅಕ್ಕನ ಹತ್ತಿರ ಇದೆ. ಅವಳು ಟೀಚರ್. ಭಾಷಣದ ಭಾಗ ಮೊದಲು ಓದು, ಕ್ರಮ ತಪ್ಪಿದರೂ ಪರವಾಗಿಲ್ಲ ಅಂದಿದ್ದೇನೆ.