ಕಿಡ್ನಿಯಲ್ಲಿ ಸಣ್ಣ ಗಡ್ಡೆ: ಅಲ್ಟ್ರಾಸೌಂಡಾ, ಸಿಟಿನಾ, ಎಂಆರ್‌ಐನಾ?

ಬೇರೆ ಯಾವುದಕ್ಕೋ ಹೊಟ್ಟೆ ಸ್ಕ್ಯಾನ್ ಮಾಡಿಸಿದಾಗ ಕಿಡ್ನಿಯಲ್ಲಿ 2 ಸೆಂ.ಮೀ. ಗಡ್ಡೆ ಕಂಡಿದೆ, ಮುಂದೇನು ಅಂತ ಕೇಳಿದ್ದೀರಿ. 4 ಸೆಂ.ಮೀ.ವರೆಗೂ ಅದು ಸಣ್ಣದು ಅಂತಲೇ ಲೆಕ್ಕ.

ಖರ್ಚು ಕಮ್ಮಿ, ವಿಕಿರಣ ಇಲ್ಲ ಅಂದರೆ ಅಲ್ಟ್ರಾಸೌಂಡ್. ನೀರುಗುಳ್ಳೆಯೋ ಗಟ್ಟಿ ಗಡ್ಡೆಯೋ ಅಂತ ಸಾಮಾನ್ಯವಾಗಿ ಹೇಳುತ್ತದೆ. ತೀರಾ ಚಿಕ್ಕದಾದರೆ, ಮೈ ದಪ್ಪವಿದ್ದರೆ ತಪ್ಪಿಹೋಗಬಹುದು.

ವಿವರ ಬೇಕಾದರೆ ಸಿಟಿ, ಕೆಲವೇ ನಿಮಿಷದ ಕೆಲಸ. ಮೊದಲು ಸಾದಾ ಚಿತ್ರ, ಆಮೇಲೆ ಕಾಂಟ್ರಾಸ್ಟ್ (ಚಿತ್ರದಲ್ಲಿ ಎದ್ದು ಕಾಣಲು ರಕ್ತನಾಳಕ್ಕೆ ಕೊಡುವ ದ್ರವ) ಕೊಟ್ಟು ಇನ್ನೊಂದು. ಎರಡರ ನಡುವೆ ಗಡ್ಡೆಯ ಸಾಂದ್ರತೆ 20 ಹೌನ್ಸ್‌ಫೀಲ್ಡ್ ಯೂನಿಟ್‌ಗಿಂತ (ಸಿಟಿಯಲ್ಲಿ ಸಾಂದ್ರತೆ ಅಳೆಯುವ ಮಾನ) ಜಾಸ್ತಿ ಏರಿದರೆ ಅದಕ್ಕೆ ರಕ್ತ ಹರಿಯುತ್ತಿದೆ ಎಂದರ್ಥ, 10ರಿಂದ 20ರ ನಡುವೆ ನಿಂತರೆ ಗೊಂದಲ. ಒಳಗೆ ಕೊಬ್ಬು ಕಂಡರೆ ಹೆಚ್ಚಾಗಿ ಕ್ಯಾನ್ಸರ್ ಅಲ್ಲದ ಆಂಜಿಯೊಮಯೊಲಿಪೋಮಾ.

ಆ ಗೊಂದಲ ಬಿಡಿಸೋಕೆ ಎಂಆರ್‌ಐ ಒಳ್ಳೆಯದು. ಅಯೋಡಿನ್ ಕಾಂಟ್ರಾಸ್ಟ್ ಅಲರ್ಜಿ ಇದ್ದವರಿಗೂ, ವರ್ಷಗಟ್ಟಲೆ ಗಡ್ಡೆ ಮೇಲೆ ಕಣ್ಣಿಡಬೇಕಾದ ಚಿಕ್ಕ ವಯಸ್ಸಿನವರಿಗೂ ನಾನು ಇದರ ಕಡೆಗೇ ವಾಲುತ್ತೇನೆ. ಆದರೆ ದುಬಾರಿ, ಅಲ್ವಾ. ಟಕಟಕ ಸದ್ದಿನ ಕೊಳವೆಯೊಳಗೆ ಅರ್ಧ ಗಂಟೆ ಅಲುಗಾಡದೆ, ಹೇಳಿದಾಗೆಲ್ಲ ಉಸಿರು ಹಿಡಿದು ಮಲಗಬೇಕು. ಪೇಸ್‌ಮೇಕರ್ ಇದ್ದರೆ ಮೊದಲೇ ಹೇಳಿ.

ಇನ್ನು ಕ್ಯಾನ್ಸರ್ ಹೌದೋ ಅಲ್ಲವೋ? ಆಂಕೊಸೈಟೋಮಾ ಅನ್ನೋ ನಿರುಪದ್ರವಿ ಗಡ್ಡೆ ಮೂರರಲ್ಲೂ ಕ್ಯಾನ್ಸರ್ ಥರವೇ ಕಾಣಬಹುದು. ಅಂಥ ಕಡೆ ಸುಮ್ನೆ ಸ್ಕ್ಯಾನ್ ಮೇಲೆ ಸ್ಕ್ಯಾನ್ ಮಾಡಿಸುವ ಬದಲು ಬಯಾಪ್ಸಿ (ಗಡ್ಡೆಯ ಚೂರು ತೆಗೆದು ಪರೀಕ್ಷಿಸುವುದು) ಬಗ್ಗೆ ಡಾಕ್ಟರನ್ನು ಕೇಳಿ.