ನರ್ಸ್‌ಗಳಿಗೆ ಐದು ಸ್ಟಾರ್, ಬಿಲ್ಲಿಂಗ್ ಕೌಂಟರಿಗೆ ಒಂದು: ಹುಬ್ಬಳ್ಳಿಯಲ್ಲಿ ನನ್ನ ಚೊಚ್ಚಲ ಹೆರಿಗೆ

ಆಸ್ಪತ್ರೆಯ ಹೆಸರು ಹಾಕುವುದಿಲ್ಲ. ಒಳ್ಳೆಯದೂ ಇದೆ, ಬೈಯುವುದೂ ಇದೆ, ಮತ್ತು ಬೈಯುವ ವಿಷಯಗಳಲ್ಲಿ ಅರ್ಧದಷ್ಟು ಬೇರೆ ಕಡೆ ಹೆತ್ತ ನನ್ನ ಗೆಳತಿಯರಿಗೂ ಆಗಿವೆಯಂತೆ. ಹುಬ್ಬಳ್ಳಿಯ ಒಂದು ಖಾಸಗಿ ಹೆರಿಗೆ ಆಸ್ಪತ್ರೆ ಅಂದುಕೊಳ್ಳಿ. ತೀರಾ ದೊಡ್ಡದಲ್ಲ, ತೀರಾ ಸಣ್ಣದೂ ಅಲ್ಲ. ಬೋರ್ಡಿನ ಮೇಲೆ ನಗುವ ಮಗುವಿನ ಫೋಟೊ, ಅದರ ಕೆಳಗೆ ‘ನೋವುರಹಿತ ಹೆರಿಗೆ ಸೌಲಭ್ಯ ಇದೆ’ ಅಂತ ದಪ್ಪ ಅಕ್ಷರ. ಆ ಅಕ್ಷರದ ಕಥೆ ಮುಂದೆ ಹೇಳುತ್ತೇನೆ.

ಮನೆಯಲ್ಲಿ ಆಸ್ಪತ್ರೆ ಆರಿಸುವಾಗ ಎಲ್ಲರೂ ಕೇಳಿದ್ದು ಮೂರೇ ಮಾತು. ಡಾಕ್ಟರ್ ಯಾರು, ಏಸಿ ರೂಮ್ ಇದೆಯಾ, ನಾರ್ಮಲ್ ಮಾಡುತ್ತಾರಾ ಇಲ್ಲಾ ಸುಮ್ನೆ ಸಿಜೇರಿಯನ್ ಮಾಡುತ್ತಾರಾ. ನನ್ನನ್ನು ಈಗ ಯಾರಾದರೂ ಕೇಳಿದರೆ ಇವೆಲ್ಲಕ್ಕಿಂತ ಮೊದಲು ಒಂದು ಪ್ರಶ್ನೆ ಕೇಳಿ ಅನ್ನುತ್ತೇನೆ: ಲೇಬರ್ ರೂಮಿನೊಳಗೆ ನನ್ನ ಜೊತೆ ಯಾರನ್ನು ಬಿಡುತ್ತೀರಿ, ಹಗಲೂ ಬಿಡುತ್ತೀರಾ, ರಾತ್ರಿಯೂ ಬಿಡುತ್ತೀರಾ?

ನನ್ನ ತವರು ಅಣ್ಣಿಗೇರಿ. ಕುಬಸ, ಅಂದರೆ ಸೀಮಂತ, ಆದ ಮೇಲೆ ಅಲ್ಲಿಗೇ ಹೋಗಿದ್ದೆ, ಚೊಚ್ಚಲ ಬಾಣಂತನ ತವರಲ್ಲೇ ಅನ್ನುವುದರಲ್ಲಿ ನಮ್ಮ ಕಡೆ ಚರ್ಚೆಯೇ ಇಲ್ಲ. ತಪಾಸಣೆಗೆ ಮಾತ್ರ ಹುಬ್ಬಳ್ಳಿ. ಓಪಿಡಿ ಬಗ್ಗೆ ಜಾಸ್ತಿ ಹೇಳಲಿಕ್ಕಿಲ್ಲ: ಟೋಕನ್ ಇದೆ, ಟೋಕನ್‌ಗೆ ಬೆಲೆ ಇಲ್ಲ. ಡಾಕ್ಟರ್ ಒಳ್ಳೆಯವರು, ಆದರೆ ನೀವು ಪ್ರಶ್ನೆ ನೆನಪು ಮಾಡಿಕೊಳ್ಳುವುದರೊಳಗೆ ಮುಂದಿನವರನ್ನು ಕರೆದುಬಿಟ್ಟಿರುತ್ತಾರೆ. ಚೀಟಿಯಲ್ಲಿ ಬರೆದುಕೊಂಡು ಹೋಗಿ. ಇನ್ನೊಂದು, ತಾಯಿ ಕಾರ್ಡ್ (ಬಸುರಿಯ ತಪಾಸಣೆ, ಲಸಿಕೆ ಬರೆದಿಡುವ ಸರ್ಕಾರದ ಕಾರ್ಡ್) ಬಗ್ಗೆ ಇವರು ಬಾಯಿ ಬಿಡುವುದಿಲ್ಲ. ನಮ್ಮೂರಿನ ಆಶಾ ಕಾರ್ಯಕರ್ತೆಯೇ ಮನೆಗೆ ಬಂದು ಮಾಡಿಸಿಕೊಟ್ಟರು. ಮೊದಲ ಮಗುವಿಗೆ ಪ್ರಧಾನಮಂತ್ರಿ ಮಾತೃ ವಂದನಾ ಯೋಜನೆಯಲ್ಲಿ ಬರುವ 5,000 ರೂಪಾಯಿಗೂ ಆ ಕಾರ್ಡ್ ಬೇಕಾಗುತ್ತದೆ. ಖಾಸಗಿ ಆಸ್ಪತ್ರೆಗೆ ಹೋಗುವವರು ‘ನಮಗ್ಯಾಕ ಅದು’ ಅಂತ ಬಿಟ್ಟುಬಿಡುತ್ತಾರೆ, ಬಿಡಬೇಡಿ.

ಈಗ ನಿಜವಾದ ವಿಷಯ.

ಸಂಜೆ ನೋವು ಶುರುವಾಯಿತು. ಅದಕ್ಕೂ ಮೊದಲು ಸುಳ್ಳು ನೋವು ಬಂದು ಹೋಗಿದ್ದರಿಂದ ಯಾರೂ ಗಡಿಬಿಡಿ ಮಾಡಲಿಲ್ಲ. ಅವ್ವ ಜೀರಿಗೆ ಕಷಾಯ ಕುಡಿಸಿ ನೋಡಿದಳು. ಸುಳ್ಳು ನೋವಾದರೆ ಕಡಿಮೆ ಆಗುತ್ತದೆ ಅಂತ ಅವಳ ಲೆಕ್ಕ. ಕಡಿಮೆ ಆಗಲಿಲ್ಲ. ಆಸ್ಪತ್ರೆಗೆ ಫೋನ್ ಮಾಡಿದೆವು, ಎತ್ತಿದ್ದು ಲೇಬರ್ ರೂಮಿನ ನರ್ಸ್. ನೀರು ಹೋಗಿದೆಯಾ, ರಕ್ತ ಕಂಡಿತಾ, ಮಗು ಆಡುತ್ತಿದೆಯಾ, ನೋವು ಎಷ್ಟು ನಿಮಿಷಕ್ಕೊಮ್ಮೆ ಬರುತ್ತಿದೆ, ಎಲ್ಲಾ ಸಮಾಧಾನವಾಗಿ ಕೇಳಿ, ಐದು ನಿಮಿಷಕ್ಕೊಮ್ಮೆ ಅಂದ ಕೂಡಲೇ ‘ದೂರದಿಂದ ಬರಾವ್ರ ಇದ್ದೀರಿ, ಈಗ ಹೊಂಟ್ ಬರ್ರಿ’ ಅಂದರು. ಆ ಫೋನಿಗೇ ಒಂದು ಸ್ಟಾರ್ ಕೊಡಬಹುದು. ಗದಗ ರಸ್ತೆಯಲ್ಲಿ ಹುಬ್ಬಳ್ಳಿಗೆ ಬರುವಾಗ ಎಷ್ಟು ಸ್ಪೀಡ್ ಬ್ರೇಕರ್ ಇವೆ ಅಂತ ತಿಳಿಯಬೇಕಾದರೆ ಹೆರಿಗೆ ನೋವಿನಲ್ಲಿ ಬರಬೇಕು.

ರಾತ್ರಿ ಹೋದರೂ ಒಳಗೆ ತೆಗೆದುಕೊಳ್ಳುವುದಕ್ಕೆ ತಡ ಮಾಡಲಿಲ್ಲ. ಅಡ್ವಾನ್ಸ್ ಆಮೇಲೆ ಕಟ್ಟಿ ಅಂದರು, ವ್ಹೀಲ್‌ಚೇರ್ ತಂದರು. ಪರೀಕ್ಷೆ ಮಾಡಿದರೆ ಗರ್ಭಚೀಲದ ಬಾಯಿ ಎರಡೇ ಸೆಂಟಿಮೀಟರ್ ತೆರೆದಿದೆ. ಹತ್ತಾಗಬೇಕು. ನನಗೆ ಆಗಲೇ ಜೀವ ಹೋದಂತಾಗಿತ್ತು, ಇವರು ನೋಡಿದರೆ ‘ಇನ್ನ ಟೈಮ್ ಐತ್ರೀ ಅಕ್ಕಾ’ ಅನ್ನುತ್ತಿದ್ದಾರೆ. ಆದರೆ ಆ ರಾತ್ರಿಯ ನರ್ಸ್ ಬರೀ ಅಷ್ಟು ಹೇಳಿ ಹೋಗಲಿಲ್ಲ, ಪಕ್ಕದಲ್ಲಿ ಸ್ಟೂಲ್ ಹಾಕಿ ಕೂತು ತಿಳಿಸಿ ಹೇಳಿದರು. ಮೊದಲ ಹೆರಿಗೆಯಲ್ಲಿ ಶುರುವಿನ ಸೆಂಟಿಮೀಟರ್‌ಗಳು ನಿಧಾನ, ಅದಕ್ಕೆ ಹೆದರಬಾರದು, ಐದು ದಾಟಿದ ಮೇಲೆ ಆಟ ಬೇರೆ ಅಂತ. ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಹೇಳಿದ್ದೂ ಇದನ್ನೇ ಅಂತ ಆಮೇಲೆ ಓದಿದೆ. ಜೋರು ಹೆರಿಗೆಯ ಲೆಕ್ಕ ಐದು ಸೆಂಟಿಮೀಟರ್‌ನಿಂದ ಶುರು, ಅಲ್ಲಿಂದ ಪೂರ್ತಿ ತೆರೆಯುವುದಕ್ಕೆ ಚೊಚ್ಚಲದವರಿಗೆ ಸಾಮಾನ್ಯವಾಗಿ 12 ಗಂಟೆಯೊಳಗೆ ಆಗುತ್ತದಂತೆ. ಒಂಬತ್ತು ತಿಂಗಳ ಓಪಿಡಿಯಲ್ಲಿ ಇದನ್ನು ಯಾರೂ ಹೇಳಿರಲಿಲ್ಲ ನೋಡಿ. ಇದೊಂದು ಗೊತ್ತಿದ್ದರೆ ‘ನನಗೇನೋ ಕೆಟ್ಟದ್ದಾಗುತ್ತಿದೆ’ ಅಂತ ಅರ್ಧ ರಾತ್ರಿ ಅಳುತ್ತಿರಲಿಲ್ಲ.

ಅವರು ಅವ್ವನನ್ನು ಒಳಗೆ ಬಿಟ್ಟರು. ಚಪ್ಪಲಿ ಬಿಚ್ಚಿಸಿ, ಮೇಲೊಂದು ಗೌನ್ ಹಾಕಿಸಿ, ‘ಸೊಂಟಾ ತಿಕ್ರೀ ಅಮ್ಮಾರ’ ಅಂತ ಕೆಲಸವನ್ನೂ ಕೊಟ್ಟರು. ಕಾರಿಡಾರಿನಲ್ಲಿ ಅಡ್ಡಾಡಿಸಿದರು. ಚಹಾ ಕುಡಿಯಲು ಬಿಟ್ಟರು. ಎಡಮಗ್ಗುಲಿಗೆ ಮಲಗಿಸಿ ಮಗುವಿನ ಎದೆಬಡಿತ ಕೇಳಿಸಿದರು. ಒಂದೇ ತಕರಾರು ಅಂದರೆ ಕೇಳದೆ ಕೊಟ್ಟ ಎನಿಮಾ, ಕೇಳದೆ ಮಾಡಿದ ಶೇವಿಂಗ್. ಇವೆರಡನ್ನೂ ಎಲ್ಲರಿಗೂ ರೂಢಿಯಂತೆ ಮಾಡುವುದು ಬೇಡ ಅಂತ ಅದೇ ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ. ಇಲ್ಲಿ ಇನ್ನೂ ನಡೆದಿದೆ.

ಬೋರ್ಡಿನ ಕಥೆ. ನಡುರಾತ್ರಿ ನಾನೇ ಬಾಯಿ ಬಿಟ್ಟು ಎಪಿಡ್ಯೂರಲ್, ಅಂದರೆ ನೋವು ತಿಳಿಯದಂತೆ ಬೆನ್ನಿಗೆ ಕೊಡುವ ಅರವಳಿಕೆ, ಬೇಕು ಅಂದೆ. ‘ಅರವಳಿಕೆ ಡಾಕ್ಟ್ರು ಹಗಲ ಅಷ್ಟ ಬರ್ತಾರ್ರೀ’ ಅಂದರು. ಬೆಳಗಾದ ಮೇಲೆ ಕೇಳಿದೆ. ‘ಈಗ್ಯಾಕ್ರೀ, ಭಾಳ ಮುಂದ ಬಂದೀರಿ’ ಅಂದರು. ಹಾಗಾದರೆ ಆ ಸೌಲಭ್ಯ ಯಾರಿಗೆ? ಆಫೀಸ್ ಟೈಮಿನಲ್ಲಿ ಹೆರುವವರಿಗಾ? ಬೇಕು ಅನ್ನುವವರು ಎಂಟನೇ ತಿಂಗಳಲ್ಲೇ ಹೋಗಿ, ರಾತ್ರಿ ಸಿಗುತ್ತದಾ, ಎಷ್ಟಾಗುತ್ತದೆ ಅಂತ ಸ್ಪಷ್ಟವಾಗಿ ಕೇಳಿಕೊಳ್ಳಿ.

ಬೆಳಿಗ್ಗೆ ಶಿಫ್ಟ್ ಬದಲಾಯಿತು, ಆಸ್ಪತ್ರೆಯೇ ಬದಲಾದಂತೆ ಆಯಿತು. ಹೊಸದಾಗಿ ಬಂದ ಹಿರಿಯ ಸಿಸ್ಟರ್ ಅವ್ವನನ್ನು ನೋಡಿದ್ದೇ ತಡ, ‘ಇಲ್ಲೆ ಯಾರ್ನೂ ಬಿಡೂದಿಲ್ರೀ, ಹೊರಗ ನಡೀರಿ’. ರಾತ್ರಿ ಬಿಟ್ಟಿದ್ದರಲ್ಲ ಅಂದರೆ ‘ರಾತ್ರಿದು ನಂಗ ಗೊತ್ತಿಲ್ರೀ’. ನಾನು ಒಬ್ಬಳೇ. ಪಕ್ಕದ ಮಂಚದಲ್ಲಿ ಇನ್ನೊಬ್ಬಳು ಚೀರುತ್ತಿದ್ದಾಳೆ, ನಡುವೆ ಒಂದು ಹಸಿರು ಪರದೆ. ಯಾರೋ ಬಂದು ಸಲೈನ್‌ಗೆ ಇಂಜೆಕ್ಷನ್ ಸೇರಿಸಿ ಹೋದರು, ಸ್ವಲ್ಪ ಹೊತ್ತಿಗೆ ನೋವು ಉಸಿರು ಬಿಡಲು ಜಾಗ ಕೊಡದ ಹಾಗೆ ಒಂದರ ಮೇಲೊಂದು ಬರತೊಡಗಿತು, ಇದೇನು ಅಂತ ಹೋಗುವ ಬರುವವರನ್ನೆಲ್ಲ ಕೇಳಿದೆ. ಕೊನೆಗೆ ಒಬ್ಬ ಹುಡುಗಿ ‘ಬ್ಯಾನಿ ಜೋರ್ ಬರ್ಲಿ ಅಂತ ಹಾಕೀವ್ರೀ’ ಅಂದಳು. ಆಕ್ಸಿಟೋಸಿನ್ ಅದು. ಹಾಕಿದ್ದು ಸರಿಯೇ ಇರಬಹುದು, ನಾನು ಡಾಕ್ಟರ್ ಅಲ್ಲ. ಆದರೆ ನನ್ನ ಮೈಗೆ ಹಾಕುವ ಔಷಧಿಯನ್ನು ನನಗೊಂದು ಮಾತು ಹೇಳಿ ಹಾಕಬೇಕು, ಅಲ್ವಾ? ಹೇಳಲಿಕ್ಕೆ ಅರ್ಧ ನಿಮಿಷ ಸಾಕು.

ನಮ್ಮ ಮನೆಯವರು ಹೊರಗೆ ಜಗಳಕ್ಕೆ ನಿಂತರು. ರೌಂಡ್ಸ್‌ಗೆ ಬಂದ ಡಾಕ್ಟರ್ ಕೇಳಿಸಿಕೊಂಡು ‘ಬಿಡ್ರಿ ಅವರ ತಾಯೀನ್ನ’ ಅಂದ ಮೇಲೆ ಅವ್ವ ಮತ್ತೆ ಒಳಗೆ ಬಂದಳು. ಅಂದರೆ ನಿಯಮ ಅನ್ನುವುದು ಇರಲೇ ಇಲ್ಲ. ಸರ್ಕಾರಿ ಆಸ್ಪತ್ರೆಗಳಲ್ಲಿ ಹೆರುವವಳ ಜೊತೆ ಮನೆಯ ಒಬ್ಬ ಹೆಣ್ಣುಮಗಳನ್ನು ಬಿಡಬಹುದು ಅಂತ ಕೇಂದ್ರ ಆರೋಗ್ಯ ಸಚಿವಾಲಯ 2016ರಲ್ಲೇ ಹೇಳಿಯಾಗಿದೆ. ದುಡ್ಡು ತೆಗೆದುಕೊಳ್ಳುವವರಿಗೆ ಏನು ಕಷ್ಟ?

ಹೆರಿಗೆಯ ಹೊತ್ತನ್ನು ವರ್ಣಿಸುವುದಿಲ್ಲ. ‘ಬಾಯಿ ಮುಚ್ಚಿ, ಕೆಳಗ ಜೋರ್ ಹಚ್ರೀ’ ಅಂತ ನಾಲ್ಕು ಜನ ಒಟ್ಟಿಗೆ ಕೂಗುತ್ತಿದ್ದರು, ಅವರಲ್ಲಿ ಎಲ್ಲರಿಗಿಂತ ಜೋರು ಅವ್ವನದು. ಮರಗಟ್ಟುವ ಇಂಜೆಕ್ಷನ್ ಕೊಟ್ಟು ಸಣ್ಣ ಕಟ್ ಹಾಕಿದರು. ಈ ಸಲ ಡಾಕ್ಟರ್ ಹೇಳಿಯೇ ಹಾಕಿದರು. ಮಧ್ಯಾಹ್ನ ಮಗಳು ಹುಟ್ಟಿದಳು. ಒರೆಸಿ ಸೀದಾ ನನ್ನ ಎದೆಯ ಮೇಲೆ ಹಾಕಿದರು, ಅದು ನನಗೆ ತುಂಬಾ ಹಿಡಿಸಿತು. ಹೊಲಿಗೆ ಹಾಕುವಾಗ ನನ್ನ ಗಮನ ಅಲ್ಲಿ ಇರಲೇ ಇಲ್ಲ.

ಹೆರಿಗೆ ಆದ ಮೇಲಿನ ಕೆಲಸದಲ್ಲಿ ಇವರು ಪಕ್ಕಾ. ಗಂಟೆಯೊಳಗೆ ಎದೆಹಾಲು ಹಿಡಿಸಿದರು. ಹಾಲೇ ಇಲ್ಲ ಅಂತ ನಾನು ಅಳುವಾಗ ‘ಇದ ಗಿಣ್ಣದ ಹಾಲ್ರೀ, ಇಷ್ಟ ಸಾಕ ಆಕೀಗೆ’ ಅಂತ ಧೈರ್ಯ ಹೇಳಿದರು. ವಿಟಮಿನ್ ಕೆ ಇಂಜೆಕ್ಷನ್, ಬಿಸಿಜಿ, ಪೋಲಿಯೊ ಹನಿ, ಹೆಪಟೈಟಿಸ್ ಬಿ ಎಲ್ಲಾ ಬರೆದುಕೊಟ್ಟರು. ಅತ್ತೆಯವರು ಜೇನಿನ ಬಾಟಲಿ ತಂದಿದ್ದರು, ಮೊಮ್ಮಗಳಿಗೆ ನೆಕ್ಕಿಸಬೇಕು ಅಂತ. ನನಗೆ ಬೇಡ ಅನ್ನಲು ಬಾಯಿ ಬರುತ್ತಿರಲಿಲ್ಲ. ನರ್ಸ್ ಬಂದು ‘ವರ್ಷ ತುಂಬೂತನಾ ಜೇನು ಬ್ಯಾಡ್ರೀ ಅಮ್ಮಾರ, ಕೂಸಿಗೆ ತ್ರಾಸ ಆಕ್ಕೈತಿ, ಬೇಕಂದ್ರ ನೀವ ತಿನ್ರಿ’ ಅಂದರು. ಅತ್ತೆಯವರೂ ನಕ್ಕುಬಿಟ್ಟರು.

ರೂಮ್ ಸಾಧಾರಣ. ಏಸಿ ಇದೆ, ಬಾಣಂತಿ ಇದ್ದ ಕೋಣೆಯಲ್ಲಿ ಅದನ್ನು ಹಚ್ಚಲು ಅವ್ವ ಬಿಟ್ಟರೆ ತಾನೆ. ಬಚ್ಚಲಲ್ಲಿ ಕುಕ್ಕರುಗಾಲಲ್ಲಿ ಕೂರುವ ಕಮೋಡ್, ಹೊಲಿಗೆ ಹಾಕಿಸಿಕೊಂಡವರಿಗೆ ಅದಕ್ಕಿಂತ ದೊಡ್ಡ ಶಿಕ್ಷೆ ಇಲ್ಲ. ರೂಮ್ ಬುಕ್ ಮಾಡುವಾಗ ಟಿವಿ ನೋಡಬೇಡಿ, ಬಚ್ಚಲು ನೋಡಿ. ಕ್ಯಾಂಟೀನ್ ಇಲ್ಲ, ಎದುರಿಗಿನ ಖಾನಾವಳಿಯೇ ಗತಿ. ನಮಗೆ ವೈನಿ ಸಜ್ಜಕ, ಬೆಳ್ಳುಳ್ಳಿ ಹಾಕಿದ ಸಬ್ಬಸಿಗೆ ಪಲ್ಯ, ರೊಟ್ಟಿ ಕಟ್ಟಿ ಕಳಿಸುತ್ತಿದ್ದರು. ಭೇಟಿ ಸಮಯ ಸಂಜೆ ಅಂತ ಗೋಡೆಯ ಮೇಲೆ ಬರೆದಿದೆ, ಕೇಳುವವರು ಯಾರೂ ಇಲ್ಲ. ಯಾರದೋ ಮಗು ನೋಡಲು ಬಂದವರೂ ನಮ್ಮ ಮಗುವನ್ನು ಎತ್ತಿಕೊಂಡು ಹೋದರು.

ಬಿಲ್. ಮೊದಲು ಹೇಳಿದ್ದು ನಾರ್ಮಲ್ ಪ್ಯಾಕೇಜ್ 40 ಸಾವಿರ. ಕೊನೆಗೆ ಕಟ್ಟಿದ್ದು 58 ಸಾವಿರ. ಮಕ್ಕಳ ಡಾಕ್ಟರ್ ಫೀ ಬೇರೆ, ಮಗುವಿನ ಲಸಿಕೆ ಬೇರೆ, ಲೇಬರ್ ರೂಮಿನ ಔಷಧಿ ಬೇರೆ, ಗ್ಲೌಸ್ ಬೇರೆ. ಪ್ಯಾಕೇಜಿನೊಳಗೆ ಏನಿತ್ತು ಅಂತ ಕೇಳಿದ್ದಕ್ಕೆ ಕೌಂಟರಿನವರು ಕಂಪ್ಯೂಟರ್ ತೋರಿಸಿದರು. ಒಳಗೇನು, ಹೊರಗೇನು ಅಂತ ಮೊದಲೇ ಕಾಗದದ ಮೇಲೆ ಬರೆಸಿಕೊಳ್ಳಿ. ಇದರ ಮೇಲೆ ಆಯಾಗಳು, ವಾರ್ಡ್ ಬಾಯ್, ವಾಚ್‌ಮನ್ ಎಲ್ಲರೂ ‘ಲಕ್ಷ್ಮೀ ಬಂದಾಳ, ಖುಷಿಗೆ ಏನರ ಕೊಡ್ರಿ’. ಆಯಾಗಳಿಗೆ ನಾನೇ ಖುಷಿಯಿಂದ ಕೊಟ್ಟೆ, ನನ್ನನ್ನು ಬಚ್ಚಲಿಗೆ ಕರೆದೊಯ್ದವರು ಅವರು. ಲಿಫ್ಟ್ ಬಟನ್ ಒತ್ತಿದವನೂ ಕೈ ಚಾಚಿದಾಗ ಸಿಟ್ಟು ಬಂತು.

ನನ್ನ ಚಿಕ್ಕಮ್ಮನ ಮಗಳು ನನಗಿಂತ ಸ್ವಲ್ಪ ಮೊದಲು ವಿದ್ಯಾನಗರದ ಸರ್ಕಾರಿ ಆಸ್ಪತ್ರೆ ಕಿಮ್ಸ್‌ನಲ್ಲಿ, ಈಗ ಅದರ ಹೆಸರು ಕೆಎಂಸಿ-ಆರ್‌ಐ, ಸಿಜೇರಿಯನ್ ಆಗಿ ಬಂದಳು. ಜನನಿ ಶಿಶು ಸುರಕ್ಷಾ ಕಾರ್ಯಕ್ರಮ 2011ರಿಂದ ಇದೆ. ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆ, ಆಪರೇಷನ್, ಔಷಧಿ, ಊಟ ಎಲ್ಲಾ ಪುಕ್ಕಟೆ. ಗದ್ದಲ ಜಾಸ್ತಿ, ಆದರೆ ನಡುರಾತ್ರಿ ಏನಾದರೂ ಎಡವಟ್ಟಾದರೆ ದೊಡ್ಡ ಡಾಕ್ಟರ್, ರಕ್ತ, ಮಕ್ಕಳ ಐಸಿಯು ಎಲ್ಲಾ ಒಂದೇ ಆವರಣದಲ್ಲಿ ಇವೆ. ಸಣ್ಣ ಖಾಸಗಿ ಆಸ್ಪತ್ರೆ ಆರಿಸುವವರು ಮಕ್ಕಳ ಐಸಿಯು ಇಲ್ಲಿದೆಯಾ, ಇಲ್ಲದಿದ್ದರೆ ಎಲ್ಲಿಗೆ ಕಳಿಸುತ್ತೀರಿ ಅಂತ ಕೇಳಲೇಬೇಕು. ನಾನು ಕೇಳಿದಾಗ ಇವರು ನೇರವಾಗಿ ಉತ್ತರ ಕೊಟ್ಟರು, ಅದು ಮೆಚ್ಚುವ ಮಾತು.

ಜನನ ನೋಂದಣಿ ಆಸ್ಪತ್ರೆಯವರೇ ಮಾಡಿದರು. 21 ದಿನದೊಳಗೆ ಆಗಬೇಕು, ಆಯಿತು. ಅಪ್ಪ-ಅಮ್ಮನ ಹೆಸರಿನ ಸ್ಪೆಲಿಂಗ್ ಆಧಾರ್ ಇದ್ದ ಹಾಗೆಯೇ ಇದೆಯಾ ಅಂತ ಅಲ್ಲೇ ನಿಂತು ನೋಡಿ. ಮಗುವಿನ ಹೆಸರು ಆಮೇಲೆ ಸೇರಿಸಬಹುದು.

ಹೊಲಿಗೆ ತೋರಿಸಲು ಮತ್ತೆ ಅದೇ ಓಪಿಡಿ, ಅದೇ ಬೆಲೆಯಿಲ್ಲದ ಟೋಕನ್. ಹಸಿ ಬಾಣಂತಿಯರೂ ಸ್ಟೀಲ್ ಕುರ್ಚಿಯ ಮೇಲೆ ತಾಸುಗಟ್ಟಲೆ ಕೂರಬೇಕು. ಇಷ್ಟು ಹೆರಿಗೆ ಮಾಡಿಸುವವರಿಗೆ ಇದು ಇನ್ನೂ ಹೊಳೆದಿಲ್ಲ ಅನ್ನುವುದೇ ಆಶ್ಚರ್ಯ. ಮಧ್ಯಾಹ್ನ ಊಟದ ನಂತರ ಹೋಗಿ, ಆಗ ರಶ್ ಕಡಿಮೆ. ಮನೆಯಿಂದ ಒಂದು ಮೆತ್ತನೆ ದಿಂಬು ತೆಗೆದುಕೊಂಡು ಹೋಗಿ.