ನಮ್ಮ ಹೋಟೆಲಿಗೆ ತಂದ ಹಾಜರಿ ಆ್ಯಪ್: ಐದಕ್ಕೆ ಎರಡೂವರೆ ಅಂಕ

ಉಡುಪಿಯ ಕಲ್ಸಂಕದ ಹತ್ತಿರ ನಮ್ಮದೊಂದು ಸಣ್ಣ ಹೋಟೆಲು. ಅಡುಗೆಯವರು, ಸಪ್ಲಾಯರ್, ಕ್ಲೀನರ್ ಎಲ್ಲ ಸೇರಿ 14 ಜನ. ಗಲ್ಲಾದ ಪಕ್ಕ ನೇತುಹಾಕಿದ್ದ ಹಾಜರಿ ಪುಸ್ತಕದಲ್ಲೇ ಇಷ್ಟು ವರ್ಷ ನಡೆದಿತ್ತು. ಕಳೆದ ದೀಪಾವಳಿಗೆ ಮಗಳು ಹಠ ಮಾಡಿ ಹಾಜರಿ, ಸಂಬಳ ಎರಡನ್ನೂ ಲೆಕ್ಕ ಹಾಕುವ ಆ್ಯಪ್ ಹಾಕಿಸಿದಳು. ತಲೆಗೆ ತಿಂಗಳಿಗೆ 40 ರೂಪಾಯಿ. ಹೆಬ್ಬೆಟ್ಟು ಒತ್ತುವ ಮಷಿನ್‌ಗೆ ಬೇರೆ ದುಡ್ಡು.

ಆ ಮಷಿನ್ ದಂಡ. ದಿನವಿಡೀ ಪಾತ್ರೆ ತೊಳೆಯುವವನ ಬೆರಳಲ್ಲಿ ಗೆರೆ ಎಲ್ಲಿ ಉಳಿದಿರ್ತದೆ ಮಾರಾಯ್ರೆ? ಎರಡನೇ ವಾರಕ್ಕೇ ಫೋನಿನಲ್ಲಿ ಮುಖ ತೋರಿಸುವ ಪದ್ಧತಿಗೆ ಬಂದೆವು.

ನಿಜವಾದ ಪರೀಕ್ಷೆ ಆದದ್ದು ಈ ವರ್ಷದ ಪರ್ಯಾಯಕ್ಕೆ, ಅಂದರೆ ಕೃಷ್ಣಮಠದ ಪೂಜೆಯ ಹೊಣೆ ಒಂದು ಮಠದಿಂದ ಇನ್ನೊಂದಕ್ಕೆ ಹೋಗುವ ಉತ್ಸವಕ್ಕೆ. ಜನವರಿ 17ರ ರಾತ್ರಿ ಊರೇ ಎದ್ದಿರ್ತದೆ, ಒಲೆ ಆರುವುದೇ ಇಲ್ಲ. ನಮ್ಮ ದೋಸೆಯವನು ಸಂಜೆ 4ಕ್ಕೆ ಬಂದವನು ಬೆಳಗಿನ ಜಾವ 4ಕ್ಕೆ ಹೋದ. ನಡುವೆ ಒಂದು ಗಂಟೆ ಊಟ, ವಿಶ್ರಾಂತಿ. ಅಂದರೆ 11 ಗಂಟೆ ಕೆಲಸ. ತಿಂಗಳ ಕೊನೆಗೆ ಅವನು ಗೋಡೆಯ ಕ್ಯಾಲೆಂಡರ್ ಕಿತ್ತುಕೊಂಡೇ ಬಂದ. "ಧಣಿಗಳೇ, ಆ ರಾತ್ರಿಯ ಓಟಿ (ಹೆಚ್ಚುವರಿ ಹೊತ್ತಿನ ಕೂಲಿ) ಬರಲೇ ಇಲ್ಲ." ಆ್ಯಪ್ ತೆಗೆದರೆ 17ಕ್ಕೆ 7 ಗಂಟೆ, 18ಕ್ಕೆ 4 ಗಂಟೆ. ಓಟಿ ಸೊನ್ನೆ! ಗಡಿಯಾರ ಹನ್ನೆರಡು ಹೊಡೆದ ಕೂಡಲೇ ಅದು ಒಬ್ಬನ ಕೆಲಸವನ್ನು ಎರಡು ತುಂಡು ಮಾಡಿತ್ತು.

ನಮ್ಮಂಥ ಹೋಟೆಲಿಗೆ ಲೆಕ್ಕ 1961ರ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯದ್ದು. ಕೆಲಸ ನಡುರಾತ್ರಿ ದಾಟಿದರೆ ಆ ದಿನವನ್ನು ಕೆಲಸ ಶುರುವಾದ ಹೊತ್ತಿನಿಂದ ಎಣಿಸಬೇಕು. ದಿನಕ್ಕೆ 9 ಗಂಟೆ ಮೀರಿದ್ದಕ್ಕೆ ಎರಡು ಪಟ್ಟು ಕೂಲಿ. ಹಾಗಾಗಿ ಅವನಿಗೆ 2 ಗಂಟೆ ಓಟಿ ಬರಬೇಕಿತ್ತು, ಕೊಟ್ಟೆ. ಓಟಿ ಸೇರಿಸಿಯೂ ದಿನಕ್ಕೆ 10 ಗಂಟೆ ದಾಟಿಸುವ ಹಾಗಿಲ್ಲ ಅಂತಲೂ ಅದೇ ಕಾಯ್ದೆಯಲ್ಲಿದೆ. ಅದು ನನ್ನ ತಪ್ಪು, ಆ್ಯಪ್‌ನದ್ದಲ್ಲ.

ಕಸ್ಟಮರ್ ಕೇರ್‌ಗೆ ಫೋನ್ ಮಾಡಿದೆ. ಕನ್ನಡ ಬರುವವರು ಸಿಕ್ಕಿದ್ದು ಮೂರನೇ ದಿನ. ಆ ಹುಡುಗಿ ಪಾಪ ಸಮಾಧಾನದಿಂದ ಕೇಳಿದಳು, ಕೊನೆಗೆ "ನೈಟ್ ಶಿಫ್ಟ್ ಅಂತ ಬೇರೆ ಸೆಟ್ಟಿಂಗ್ ಇದೆ ಸರ್" ಅಂದಳು. ಇದೆ, ಹೌದು. ದಿನಾ ರಾತ್ರಿ ಬರುವವನಿಗೆ ಸರಿ, ವರ್ಷದಲ್ಲಿ ಒಂದು ರಾತ್ರಿ ನಿಲ್ಲುವವನಿಗೆ ಆಗುವುದಿಲ್ಲ. ಓಟಿಯ ದರವೂ ಮೊದಲಿಂದ ಒಂದು ಪಟ್ಟು ಅಂತಲೇ ಇತ್ತು. ಅದನ್ನು ಎರಡು ಮಾಡಲು ನಾವೇ ಹುಡುಕಬೇಕಾಯಿತು.

ವಾರದ ಲೆಕ್ಕ ಅದಕ್ಕಿಂತ ಮೋಸ. ದಿನಕ್ಕೆ 9ರಂತೆ ಆರು ದಿನ ಅಂದರೆ 54 ಗಂಟೆ. ಯಾವ ದಿನವೂ 9 ದಾಟಿಲ್ಲ, ಹಾಗಾಗಿ ಆ್ಯಪ್ ಸುಮ್ನಿತ್ತು. ಆದರೆ ವಾರಕ್ಕೆ 48ರ ಮಿತಿ ಇದೆಯಲ್ಲ, 6 ಗಂಟೆ ಓಟಿಯೇ ಆಯಿತು. ಮೂರು ತಿಂಗಳಲ್ಲಿ ಓಟಿ 50 ಗಂಟೆ ದಾಟಬಾರದು. ವಾರಕ್ಕೆ 6 ಅಂದರೆ ಹದಿಮೂರು ವಾರಕ್ಕೆ 78 ಆಗ್ತದೆ. ಈಗ ಎಲ್ಲರಿಗೂ ದಿನಕ್ಕೆ ಎಂಟೇ ಗಂಟೆ.

ಆದರೆ ಒಂದು ವಿಷಯದಲ್ಲಿ ಆ್ಯಪ್ ಗೆದ್ದಿತು. ನಮ್ಮಲ್ಲಿ ಬೆಳಿಗ್ಗೆ 6ರಿಂದ ಹತ್ತೂವರೆ, ಮತ್ತೆ ಸಂಜೆ 4ರಿಂದ ಎಂಟೂವರೆ ಅಂತ ಎರಡು ಹೊತ್ತಿನ ಕೆಲಸ. ಅಪ್ಪನ ಕಾಲದಿಂದ ಬಂದ ಕ್ರಮ. ಮಧ್ಯಾಹ್ನ ರೂಮಿಗೆ ಹೋಗಿ ಮಲಗ್ತಾರಲ್ವಾ, ಎಂತ ತೊಂದರೆ ಅಂದುಕೊಂಡಿದ್ದೆ. ಆ್ಯಪ್ ದಿನಾ ಕೆಂಪು ಗೆರೆ ಎಳೆಯುತ್ತಿತ್ತು. ತಲೆಕೆಟ್ಟದ್ದು ಅಂತ ಬೈದೆ. ಲೆಕ್ಕ ನೋಡುವವರನ್ನು ಕೇಳಿದರೆ ಅವರು ನಕ್ಕರು. ವಿಶ್ರಾಂತಿ ಸೇರಿಸಿ, ಬಂದ ಹೊತ್ತಿನಿಂದ ಹೋಗುವ ಹೊತ್ತಿನವರೆಗೆ 12 ಗಂಟೆ ಮೀರಬಾರದಂತೆ. ನಮ್ಮದು ಹದಿನಾಲ್ಕೂವರೆ! ಈಗ ಒಂದು ತಂಡ ಸಂಜೆ 6ಕ್ಕೆ ಬಿಡ್ತದೆ, ಇನ್ನೊಂದು ಬೆಳಿಗ್ಗೆ ಒಂಬತ್ತೂವರೆಗೆ ಬರ್ತದೆ. ಗೋಳಿಬಜೆ ಕರಿಯುವ ಹೊತ್ತಿಗೆ ಎರಡೂ ತಂಡ ಇರ್ತದೆ, ಅದೊಂದು ಲಾಭ.

ಬೆಳಿಗ್ಗೆ ಬಾಗಿಲು ತೆಗೆದು ಸಂಜೆ ಹಾಕುವ ಬಟ್ಟೆ ಅಂಗಡಿಯವರು ಈ ಥರದ ಆ್ಯಪ್ ಧೈರ್ಯವಾಗಿ ತಗೊಳ್ಳಿ. ಹೋಟೆಲಿನವರು ತಗೊಳ್ಳುವ ಮೊದಲು ಒಬ್ಬರ ಹೆಸರಲ್ಲಿ ಸಂಜೆ 4ರಿಂದ ಬೆಳಿಗ್ಗೆ 4ರವರೆಗೆ ಹಾಜರಿ ಹಾಕಿ ನೋಡಿ. ನಾನು ಸದ್ಯ ಹಾಜರಿಗೆ ಮಾತ್ರ ಇಟ್ಟುಕೊಂಡಿದ್ದೇನೆ. ಓಟಿಗೆ ಹಳೆ ಪುಸ್ತಕ ಮತ್ತೆ ಗಲ್ಲಾದ ಪಕ್ಕಕ್ಕೆ ಬಂದಿದೆ, ದೋಸೆಯವನ ಕ್ಯಾಲೆಂಡರ್ ಅದರ ಮೇಲೆ.